ಮಗಳ ನಂಬಿಕೆ, ಮಗಳ ಕರೆ: ಅಪ್ಪ-ಅಮ್ಮ ಎಲ್ಲಿ ಕೈಹಾಕಬೇಕು, ಎಲ್ಲಿ ಸುಮ್ಮನಿರಬೇಕು

ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಯುವುದೇ ತಡ, ನಮ್ಮ ಕರಾವಳಿಯ ಚರ್ಚುಗಳಲ್ಲಿ ಭಾನುವಾರದ ಪೂಜೆ ಆದ ಮೇಲೆ ಇಬ್ಬರು ಸಿಸ್ಟರ್‌ಗಳು ಬಾಗಿಲ ಹತ್ತಿರ ನಿಂತಿರುತ್ತಾರೆ. ಕೈಯಲ್ಲಿ ಒಂದಿಷ್ಟು ಕರಪತ್ರ, ಒಂದು ನೋಟ್‌ಬುಕ್. ಸಿಸ್ಟರ್ ಆಗುವ ಕರೆ ಇದೆಯಾ ಅಂತ ಕಾನ್ವೆಂಟ್ ಬದುಕನ್ನು ನೋಡಿ ಬರುವ ‘ಬಂದು ನೋಡಿ’ ಶಿಬಿರಕ್ಕೆ ಹೆಣ್ಣುಮಕ್ಕಳ ಹೆಸರು ಬರೆದುಕೊಳ್ಳುತ್ತಾರೆ. ಮಗಳು ಹೆಸರು ಕೊಟ್ಟು ಮನೆಗೆ ಬಂದರೆ ಅಜ್ಜಿಗೆ ಸಂತೋಷದಲ್ಲಿ ಕಣ್ಣೀರು, ಅಪ್ಪನದ್ದು ಊಟ ಮುಗಿಯುವವರೆಗೂ ಮಾತಿಲ್ಲ, ಅಮ್ಮ “ಮೊದಲು ಪಿಯುಸಿ ಮುಗಿಸು” ಅಂದು ಪಾತ್ರೆ ತೊಳೆಯಲು ಎದ್ದು ಹೋಗುತ್ತಾಳೆ. ಹೆಸರು ಕೊಡದೆ ಬಂದರೆ? ಯಾರೂ ಏನೂ ಕೇಳುವುದಿಲ್ಲ. ದೇವರು, ನಂಬಿಕೆ, ಮುಂದಿನ ಬದುಕು, ಈ ಮಾತೆಲ್ಲ ಆ ಮನೆಯಲ್ಲಿ ಅಲ್ಲಿಗೇ ಮುಗಿಯಿತು.

ನಾನು ಭಾನುವಾರದ ಧರ್ಮೋಪದೇಶದ ಕ್ಲಾಸಿನಲ್ಲಿ ಎಂಟರಿಂದ ಹತ್ತನೇ ತರಗತಿಯ ಹುಡುಗಿಯರ ಜೊತೆ ಕೂರುವವಳು. ಫಾದರ್ ಹೇಳಿದ್ದು, ನಾವು ಟೀಚರುಗಳು ಹೇಳಿದ್ದು ಅವರಿಗೆ ಅರ್ಧ ಮರೆತು ಹೋಗುತ್ತದೆ. ಮನೆಯಲ್ಲಿ ನೋಡಿದ್ದು ಮಾತ್ರ ಮರೆಯುವುದಿಲ್ಲ. ಅದಕ್ಕೇ ಇದನ್ನು ಹುಡುಗಿಯರಿಗಲ್ಲ, ಅವರ ಅಪ್ಪ-ಅಮ್ಮಂದಿರಿಗೆ ಬರೆಯುತ್ತಿದ್ದೇನೆ. ಉದಾಹರಣೆಗಳು ಹೆಚ್ಚಾಗಿ ನಮ್ಮ ಕಥೋಲಿಕರ ಮನೆಗಳದ್ದೇ, ನನಗೆ ಗೊತ್ತಿರುವುದು ಅದೇ. ಬೇರೆ ಮನೆಗಳವರೂ ಬೇಕಾದ್ದನ್ನು ಆರಿಸಿಕೊಳ್ಳಬಹುದು. ಮಗಳಿಗೆ ಹನ್ನೆರಡು ಹದಿಮೂರು ಇರುವಾಗಲೇ ಶುರು ಮಾಡಿದರೆ ಒಳ್ಳೆಯದು. ಹದಿನೇಳಾಗಿದ್ದರೂ ತಡವಾಯಿತು ಅಂತ ಕೈಚೆಲ್ಲಬೇಡಿ.

1. ಮೊದಲು ನಿಮ್ಮ ಆಸೆಯನ್ನು ಬರೆದುಕೊಳ್ಳಿ

ಮಗಳ ಹತ್ತಿರ ಒಂದು ಮಾತೂ ಆಡುವ ಮುಂಚೆ ಗಂಡ-ಹೆಂಡತಿ ಇಬ್ಬರೂ ಬೇರೆ ಬೇರೆ ಕೂತು ಒಂದು ಚೀಟಿಯಲ್ಲಿ ಬರೆಯಿರಿ: ಇವಳು ಏನಾಗಬೇಕು ಅಂತ ನನಗೆ ಆಸೆ? ಯಾಕೆ? ಆಮೇಲೆ ಚೀಟಿ ಬದಲಾಯಿಸಿಕೊಂಡು ಓದಿ. ತಮಾಷೆ ಅನ್ನಿಸಬಹುದು, ಆದರೆ ಮಾಡಿ ನೋಡಿ. ಹೆರಿಗೆ ಕಷ್ಟವಾದಾಗ “ಈ ಮಗುವನ್ನು ದೇವರ ಸೇವೆಗೆ ಕೊಡ್ತೇನೆ” ಅಂತ ಹೊತ್ತ ಹರಕೆಯನ್ನು ಹದಿನೈದು ವರ್ಷ ಗಂಡನಿಗೂ ಹೇಳದೆ ಇಟ್ಟುಕೊಂಡ ತಾಯಂದಿರಿದ್ದಾರೆ. “ನರ್ಸಿಂಗ್ ಮಾಡಿಸಿ ಹೊರದೇಶಕ್ಕೆ ಕಳಿಸಿದರೆ ಮನೆ ಸಾಲ ತೀರುತ್ತದೆ” ಅಂತ ಲೆಕ್ಕ ಹಾಕಿದ ಅಪ್ಪಂದಿರಿದ್ದಾರೆ. “ಒಬ್ಬಳೇ ಮಗಳು, ಕಾನ್ವೆಂಟಿಗೆ ಹೋದರೆ ನಮಗೆ ವಯಸ್ಸಾದ ಕಾಲಕ್ಕೆ ಯಾರು” ಅನ್ನುವ ಭಯ ಇನ್ನೂ ಜಾಸ್ತಿ. ಇದರಲ್ಲಿ ಯಾವುದೂ ನಾಚಿಕೆಯ ವಿಷಯವಲ್ಲ. ಬಚ್ಚಿಟ್ಟುಕೊಂಡು ಅದನ್ನೇ ದೇವರ ಚಿತ್ತ ಅಂತ ಮಗಳಿಗೆ ಹೇಳುವುದು ಮಾತ್ರ ತಪ್ಪು.

ಹರಕೆಯ ಬಗ್ಗೆ ಒಂದು ಮಾತು. ನೀವು ಹೊತ್ತ ಹರಕೆ ನಿಮ್ಮದು. ಮಗಳ ಬದುಕನ್ನು ಅದರಲ್ಲಿ ಒತ್ತೆ ಇಡುವ ಹಕ್ಕು ನಿಮಗಿಲ್ಲ. ಮನಸ್ಸಿಗೆ ಚುಚ್ಚುತ್ತಿದ್ದರೆ ಫಾದರ್ ಹತ್ತಿರ ಹೋಗಿ ಮಾತಾಡಿ. ಹರಕೆಯಿಂದ ಬಿಡುಗಡೆ ಪಡೆಯಲು, ಬದಲಾಯಿಸಲು ಧರ್ಮಸಭೆಯಲ್ಲಿ (ಕಥೋಲಿಕ ಚರ್ಚಿನಲ್ಲಿ) ದಾರಿ ಇದೆ.

ಇದು ನನ್ನ ಹೊಸ ಕಾಲದ ಮಾತು ಅಂದುಕೊಳ್ಳಬೇಡಿ. 1563ರಲ್ಲಿ ಮುಗಿದ, ಕಥೋಲಿಕ ಬಿಷಪರು ಸೇರಿದ್ದ ಟ್ರೆಂಟ್ ಮಹಾಸಭೆಯೇ, ಹೆಣ್ಣುಮಗಳನ್ನು ಬಲವಂತವಾಗಿ ಮಠಕ್ಕೆ ಸೇರಿಸುವವರಿಗೆ ಧರ್ಮಸಭೆಯಿಂದ ಬಹಿಷ್ಕಾರ ಅಂತ ಹೇಳಿತು. ಯುರೋಪಿನ ಶ್ರೀಮಂತ ಮನೆಗಳಲ್ಲಿ ಆಗ ವರದಕ್ಷಿಣೆ ಉಳಿಸಲು ಮಗಳನ್ನು ಮಠಕ್ಕೆ ತಳ್ಳುವುದು ಮಾಮೂಲಿಯಾಗಿತ್ತು. ಅದೇ ತೀರ್ಮಾನದಲ್ಲಿ ಇನ್ನೊಂದು ಮಾತೂ ಇದೆ, ಅದನ್ನು ನಾವು ಯಾರೂ ನೆನಪಿಸಿಕೊಳ್ಳುವುದಿಲ್ಲ: ಇಷ್ಟಪಟ್ಟು ಹೊರಟವಳನ್ನು ಸರಿಯಾದ ಕಾರಣವಿಲ್ಲದೆ ತಡೆಯುವವರಿಗೂ ಅದೇ ಶಿಕ್ಷೆ. ಈಗಿನ ಧರ್ಮಸಭೆಯ ಕಾನೂನಿನ 219ನೇ ನಿಯಮವೂ, ಬದುಕಿನ ದಾರಿ ಆರಿಸಿಕೊಳ್ಳುವಾಗ ಯಾರ ಮೇಲೂ ಯಾವ ಒತ್ತಾಯವೂ ಇರಬಾರದು ಅನ್ನುತ್ತದೆ. ಕೆಲಸ ಆರಿಸುವುದರಲ್ಲಾಗಲಿ, ಬಾಳಸಂಗಾತಿಯನ್ನು ಆರಿಸುವುದರಲ್ಲಾಗಲಿ ತಂದೆ-ತಾಯಿ ಒತ್ತಡ ಹಾಕಬಾರದು ಅಂತ ಧರ್ಮಸಭೆಯ ಧರ್ಮೋಪದೇಶ ಗ್ರಂಥದ (ಕ್ಯಾಟೆಕಿಸಂ) 2230ನೇ ಪರಿಚ್ಛೇದದಲ್ಲಿದೆ. ಅಂದರೆ ತಳ್ಳುವುದೂ ತಪ್ಪು, ಎಳೆದು ಕಟ್ಟುವುದೂ ತಪ್ಪು.

ಎಳೆದು ಕಟ್ಟಿದರೆ ಏನಾಗುತ್ತದೆ ಅನ್ನುವುದಕ್ಕೆ ದೂರ ಹೋಗಬೇಕಿಲ್ಲ. ಸಂತ ಅಲ್ಫೋನ್ಸಾ, 1910ರಲ್ಲಿ ಕೇರಳದ ಕುಡಮಾಳೂರಿನಲ್ಲಿ ಹುಟ್ಟಿದ ಅನ್ನಕುಟ್ಟಿ, ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡವಳು. ಅವಳನ್ನು ಸಾಕಿದ್ದು ತಾಯಿಯ ಸೋದರಿ, ಅವರಿಗೆ ಅವಳ ಮದುವೆ ಮಾಡುವ ಹಟ. ಅವಳಿಗೆ ಸನ್ಯಾಸಿನಿಯಾಗುವ ಆಸೆ. ಮದುವೆ ತಪ್ಪಿಸಿಕೊಳ್ಳಲು 1923ರಲ್ಲಿ ಆ ಹುಡುಗಿ ಉರಿಯುವ ಉಮಿಯ ಗುಂಡಿಗೆ ಕಾಲಿಟ್ಟಳು, ಪಾದ ಸುಟ್ಟುಕೊಂಡಳು. 2008ರಲ್ಲಿ ಅವಳನ್ನು ಸಂತಳೆಂದು ಸಾರಿದ್ದರಿಂದ ಈ ಕಥೆಯನ್ನು ನಾವು ಮಕ್ಕಳಿಗೆ ಭಕ್ತಿಯ ಕಥೆಯಾಗಿ ಹೇಳುತ್ತೇವೆ. ನನ್ನ ಕೇಳಿದರೆ ಇದನ್ನು ಮಕ್ಕಳಿಗೆ ಹೇಳುವ ಮೊದಲು ದೊಡ್ಡವರು ಓದಬೇಕು. ಹದಿಮೂರರ ಹುಡುಗಿಗೆ ಬಾಯಿಬಿಟ್ಟು ಹೇಳಲು ಒಬ್ಬರೂ ಸಿಗದ ಮನೆ ಅದು, ಅಲ್ವಾ?

2. ಮನೆಯ ಪ್ರಾರ್ಥನೆ ಗಿಡ್ಡವಾಗಲಿ, ಆದರೆ ಎಲ್ಲರೂ ಕೂರಲಿ

ಸಂಜೆ ಏಳೂವರೆ. ದೇವರ ಪೀಠದ ಮುಂದೆ ಚಾಪೆ ಹಾಸಿದೆ. ಅಮ್ಮ, ಅಜ್ಜಿ, ಮಗಳು ತೇರ್ಸ್ (ಜಪಸರದ ಪ್ರಾರ್ಥನೆ) ಶುರು ಮಾಡಿದ್ದಾರೆ. ಅಣ್ಣ ಇನ್ನೂ ಮೈದಾನದಿಂದ ಬಂದಿಲ್ಲ, “ಬರ್ತಾನೆ ಬಿಡು, ಹುಡುಗರಲ್ವಾ.” ಅಪ್ಪ ಜಗಲಿಯಲ್ಲಿ ಫೋನ್ ಹಿಡಿದು ಕೂತಿದ್ದಾರೆ, ಮಧ್ಯೆ ಒಂದು ಸಲ “ಸ್ವಲ್ಪ ಜೋರಾಗಿ ಹೇಳಿ” ಅಂತ ಅಲ್ಲಿಂದಲೇ ಕೂಗುತ್ತಾರೆ. ಮಗಳ ಬಾಯಿ ‘ನಮೋ ಮರಿಯ’ ಹೇಳುತ್ತಿದೆ, ಕಣ್ಣು ಖಾಲಿ ಚಾಪೆ ಮೇಲಿದೆ.

ಈ ಹುಡುಗಿ ಇಲ್ಲಿ ಏನು ಕಲಿತಳು? ಭಕ್ತಿ ಹೆಂಗಸರ ಮನೆಗೆಲಸಗಳಲ್ಲಿ ಇನ್ನೊಂದು ಅಂತ. ಗುಡಿಸು, ಒರೆಸು, ಜಪಸರ ಹೇಳು. ಹದಿನೆಂಟಾಗಿ ಬೆಂಗಳೂರಿನ ಪಿಜಿಗೆ ಹೋದ ಕೂಡಲೇ ಅವಳು ಮೊದಲು ಬಿಡುವುದು ಇದನ್ನೇ. ಆಮೇಲೆ “ಬೆಂಗಳೂರು ಹಾಳು ಮಾಡಿತು” ಅಂತ ಊರನ್ನು ಬೈಯುತ್ತೇವೆ.

ಹಾಗಾಗಿ ಹೀಗೆ ಮಾಡಿ. ಐವತ್ಮೂರು ಮಣಿ ಪೂರ್ತಿ ಹೇಳಲು ಎಲ್ಲರನ್ನೂ ಹಿಡಿದು ಕೂರಿಸಲು ಆಗದಿದ್ದರೆ ಒಂದು ದಶಕ ಸಾಕು. ಹತ್ತು ನಮೋ ಮರಿಯ, ಒಂದು ಬೈಬಲ್ ವಾಕ್ಯ, ಆ ದಿನದ ಒಂದು ವಿಷಯ. ಆದರೆ ಅಪ್ಪ ಇರಬೇಕು, ಅಣ್ಣ ಇರಬೇಕು. ಪ್ರಾರ್ಥನೆ ಮುಂದೆ ನಿಂತು ನಡೆಸುವುದು ಒಂದು ದಿನ ಮಗ, ಒಂದು ದಿನ ಮಗಳು, ಒಂದು ದಿನ ಅಪ್ಪ. ಮುಗಿದ ಮೇಲೆ ಮಕ್ಕಳು ದೊಡ್ಡವರಿಂದ ಬೆಸಾಂವ್ ಕೇಳುವ ಪದ್ಧತಿ ನಮ್ಮಲ್ಲಿದೆಯಲ್ಲ, ಕೈಮುಗಿದು ಒಬ್ಬೊಬ್ಬರ ಮುಂದೆ ನಿಂತು ಆಶೀರ್ವಾದ ಪಡೆಯುವುದು, ಅದನ್ನು ಮಾತ್ರ ಬಿಡಬೇಡಿ. ದಿನಕ್ಕೆ ಒಂದು ಸಲವಾದರೂ ಅಪ್ಪ ಮಗಳ ತಲೆ ಮುಟ್ಟುವ, ಮುಖ ನೋಡುವ ಹೊತ್ತು ಅದು. ಹದಿನಾಲ್ಕು ದಾಟಿದ ಮೇಲೆ ಎಷ್ಟೋ ಮನೆಗಳಲ್ಲಿ ಅಪ್ಪ-ಮಗಳ ನಡುವೆ ಉಳಿಯುವ ಸಲುಗೆ ಅಷ್ಟೇ. ಅಪ್ಪ ದುಬೈಯಲ್ಲೋ ಕುವೈತಿನಲ್ಲೋ ಇದ್ದರೆ ವೀಡಿಯೋ ಕಾಲ್‌ನಲ್ಲಿ ಬರಲಿ. ಅವರಿಗೆ ಅಲ್ಲಿ ಡ್ಯೂಟಿ ಮುಗಿದಿರುವುದಿಲ್ಲ, ಗೊತ್ತು. ವಾರದ ರಜೆಯ ಒಂದು ದಿನವಾದರೂ ಆಗುತ್ತದಾ ನೋಡಿ.

ಅಪ್ಪನ ಮೇಲೆ ಇಷ್ಟು ಒತ್ತು ಕೊಡುವುದಕ್ಕೆ ಕಾರಣ ಇದೆ. ಅಮೆರಿಕದ ಸಮಾಜಶಾಸ್ತ್ರಜ್ಞ ವರ್ನ್ ಬೆಂಗ್ಟ್‌ಸನ್ ಮತ್ತು ಜೊತೆಗಾರರು 1970ರಿಂದ ಮೂರೂವರೆ ದಶಕ ಅದೇ ಕುಟುಂಬಗಳನ್ನು, ತಲೆಮಾರು ತಲೆಮಾರಾಗಿ ಅಧ್ಯಯನ ಮಾಡಿದರು. ನಂಬಿಕೆ ಮಕ್ಕಳಿಗೆ ದಾಟುವುದು ತಂದೆ-ತಾಯಿ ಎಷ್ಟು ಕಟ್ಟುನಿಟ್ಟು ಅನ್ನುವುದರ ಮೇಲೆ ಅಲ್ಲ, ಎಷ್ಟು ಆಪ್ತರು ಅನ್ನುವುದರ ಮೇಲೆ ಅಂತ ಅವರಿಗೆ ಕಂಡಿತು. ಅದರಲ್ಲೂ ಅಪ್ಪನ ಆಪ್ತತೆಯ ಪಾತ್ರ ದೊಡ್ಡದು ಅಂತ. ಅವರು ನೋಡಿದ್ದು ಅಮೆರಿಕದ ಮನೆಗಳನ್ನು, ಸರಿ. ಆದರೆ ಜಗಲಿಯಲ್ಲಿ ಕೂತ ಅಪ್ಪ ಎಲ್ಲ ಕಡೆ ಒಂದೇ.

3. ಪ್ರಶ್ನೆ ಬಂದಾಗ ಓಡಬೇಡಿ

ಇದು ಎಲ್ಲಕ್ಕಿಂತ ಮುಖ್ಯ. ಇಲ್ಲಿ ಎಡವಿದರೆ ಮುಂದಿನ ಹೆಜ್ಜೆಗಳೆಲ್ಲ ಸುಮ್ನೆ.

ಪ್ರಶ್ನೆಗಳು ಹೊತ್ತು ಗೊತ್ತು ನೋಡಿ ಬರುವುದಿಲ್ಲ. ನೀವು ಮೀನು ಸಾರಿಗೆ ಒಗ್ಗರಣೆ ಹಾಕುವಾಗ, ಸ್ಕೂಟರಿನ ಹಿಂದೆ ಕೂತಾಗ, ರಾತ್ರಿ ಲೈಟ್ ಆರಿಸಿದ ಮೇಲೆ ಬರುತ್ತವೆ. “ಮಮ್ಮಿ, ನಂಗೆ ಪೂಜೆಗೆ ಹೋದ್ರೆ ಏನೂ ಅನ್ಸುದಿಲ್ಲ.” ಆಗ ನಮ್ಮ ಬಾಯಿಂದ ತಟ್ಟನೆ ಬರುವ ಉತ್ತರಗಳು ಮೂರು ಬಗೆ. “ಹಾಗೆಲ್ಲ ಹೇಳಬಾರದು, ಪಾಪ.” “ಫೋನ್ ಜಾಸ್ತಿ ಆಗಿದೆ ನಿಂಗೆ.” ಇಲ್ಲಾ, “ನಾಳೆ ಫಾದರ್ ಹತ್ರ ಕೇಳು.” ಮೂರರ ಅರ್ಥವೂ ಒಂದೇ, ನನ್ನ ಹತ್ತಿರ ಕೇಳಬೇಡ. ಅವಳಿಗೆ ಅದು ಚೆನ್ನಾಗಿ ಅರ್ಥವಾಗುತ್ತದೆ. ಇನ್ನು ಕೇಳುವುದಿಲ್ಲ.

ಬದಲಿಗೆ ಹೀಗೆ ಹೇಳಿ ನೋಡಿ: “ಹೌದಾ? ಯಾವಾಗಿನಿಂದ?” ಅಷ್ಟೇ. ಆಮೇಲೆ ಬಾಯಿ ಮುಚ್ಚಿ ಕೇಳಿ. ನಿಮಗೂ ಎಷ್ಟೋ ಭಾನುವಾರ ಏನೂ ಅನಿಸಿರುವುದಿಲ್ಲ, ಪೂಜೆಯ ಮಧ್ಯೆ ಕುಕ್ಕರ್ ಆರಿಸಿದೆನಾ ಅಂತ ಯೋಚನೆ ಬಂದಿರುತ್ತದೆ. ಅದನ್ನು ಅವಳಿಗೆ ಹೇಳಿ. ಆದರೂ ಯಾಕೆ ಹೋಗುತ್ತೀರಿ ಅಂತಲೂ ಹೇಳಿ, ನಿಮ್ಮ ನಿಜವಾದ ಕಾರಣ, ಪುಸ್ತಕದ್ದಲ್ಲ. ‘ಅಮ್ಮ ಸತ್ತ ವರ್ಷ ಚರ್ಚಿನ ಬೆಂಚಲ್ಲಿ ಕೂತರೆ ಮಾತ್ರ ಉಸಿರಾಡಲು ಆಗ್ತಿತ್ತು’ ಅನ್ನುವ ಒಂದು ಸಾಲು ಹತ್ತು ಪ್ರವಚನಕ್ಕೆ ಸಮ.

ಕೆಲವು ಪ್ರಶ್ನೆಗಳು ಕಷ್ಟದವು. ಹೆಂಗಸರು ಯಾಕೆ ಫಾದರ್ ಆಗಬಾರದು? ಚರ್ಚಿನೊಳಗೂ ಜಾತಿ ಯಾಕೆ? ಫಾದರ್‌ಗಳ ಮೇಲೆ ಲೈಂಗಿಕ ದೌರ್ಜನ್ಯದ ಕೇಸುಗಳು ಬಂದಿದೆಯಲ್ಲ, ದೂರು ಕೊಟ್ಟ ಸಿಸ್ಟರ್‌ಗಳನ್ನು ಯಾಕೆ ಯಾರೂ ನಂಬಲಿಲ್ಲ? ಹದಿನೈದರ ಹುಡುಗಿ ಇದನ್ನೆಲ್ಲ ಫೋನಿನಲ್ಲಿ ಓದಿಕೊಂಡೇ ಬಂದಿರುತ್ತಾಳೆ. ಧರ್ಮಸಭೆಯನ್ನು ಕಾಪಾಡುವ ವಕೀಲಿಕೆ ಬೇಡ. ಗೊತ್ತಿರುವುದನ್ನು ಹೇಳಿ. ಉದಾಹರಣೆಗೆ ಮೊದಲ ಪ್ರಶ್ನೆಗೆ: ಹೆಂಗಸರಿಗೆ ಗುರುದೀಕ್ಷೆ ಕೊಡುವ ಅಧಿಕಾರ ಧರ್ಮಸಭೆಗೆ ಇಲ್ಲ ಅಂತ 1994ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಹೇಳಿದರು. ಅದೇ ವರ್ಷ, ಬಿಷಪರು ಒಪ್ಪಿದರೆ ಹುಡುಗಿಯರೂ ಪೀಠಸೇವೆ (ಪೂಜೆಯಲ್ಲಿ ಫಾದರ್‌ಗೆ ನೆರವಾಗುವ ಕೆಲಸ) ಮಾಡಬಹುದು ಅಂತ ವ್ಯಾಟಿಕನ್ ತಿಳಿಸಿತು. 2021ರ ಜನವರಿಯಲ್ಲಿ ಪೋಪ್ ಫ್ರಾನ್ಸಿಸ್ ವಾಚಕರ ಮತ್ತು ಪೀಠಸೇವಕರ ಅಧಿಕೃತ ಹುದ್ದೆಗಳನ್ನು ಹೆಂಗಸರಿಗೂ ತೆರೆದರು. ಇದರಿಂದ ಅವಳಿಗೆ ಸಮಾಧಾನ ಆಗದಿರಬಹುದು. ಆಗಲೇಬೇಕು ಅಂತೇನಿಲ್ಲ. “ನಂಗೂ ಪೂರ್ತಿ ಒಪ್ಪಿಗೆ ಇಲ್ಲ” ಅಂತ ನಿಮಗೆ ಅನಿಸಿದರೆ ಅದನ್ನೂ ಹೇಳಿ. ಅಮ್ಮ ಪ್ರಶ್ನೆ ಇಟ್ಟುಕೊಂಡೂ ನಂಬಿಕೆಯಲ್ಲಿದ್ದಾಳೆ ಅಂತ ಗೊತ್ತಾದ ಹುಡುಗಿಗೆ ತಾನೂ ಹಾಗಿರಬಹುದು ಅನ್ನುವ ಧೈರ್ಯ ಬರುತ್ತದೆ.

ದೌರ್ಜನ್ಯದ ಪ್ರಶ್ನೆ ಬಂದಾಗ ಇನ್ನೊಂದು ಕೆಲಸ ಮಾಡಿ. ಯಾರೇ ಆಗಲಿ, ಫಾದರ್, ಸಿಸ್ಟರ್, ಟೀಚರ್, ರಿಟ್ರೀಟ್ (ಧ್ಯಾನಕೂಟ) ನಡೆಸುವವರು, “ಇದನ್ನು ಮನೆಯಲ್ಲಿ ಹೇಳಬೇಡ” ಅಂದರೆ ಅದನ್ನೇ ಮೊದಲು ಮನೆಯಲ್ಲಿ ಹೇಳಬೇಕು ಅಂತ ಅವಳಿಗೆ ಕಲಿಸಿ. ಮಕ್ಕಳ ಸಹಾಯವಾಣಿ 1098 ನಂಬರ್ ಫ್ರಿಜ್ಜಿನ ಮೇಲೆ ಅಂಟಿಸಿ. ಭಕ್ತಿಯ ಮನೆಗೆ ಇದೆಲ್ಲ ಯಾಕೆ ಅನ್ನಬೇಡಿ.

4. ಕರೆ ಅಂದರೆ ಕಾನ್ವೆಂಟ್ ಒಂದೇ ಅಲ್ಲ

ನಮ್ಮಲ್ಲಿ ‘ದೈವಕರೆ’ ಅಂದ ಕೂಡಲೇ ಬಿಳಿ ಬಟ್ಟೆಯ ಸಿಸ್ಟರ್ ಕಣ್ಣ ಮುಂದೆ ಬರುತ್ತಾರೆ. ಉಳಿದವರಿಗೆ ಕರೆ ಇಲ್ಲವಾ? ಮದುವೆಯೂ ಕರೆ, ಒಂಟಿಯಾಗಿ ಬದುಕಿ ಒಂದು ಕೆಲಸಕ್ಕೆ ತನ್ನನ್ನು ಕೊಟ್ಟುಕೊಳ್ಳುವುದೂ ಕರೆ ಅಂತ ಧರ್ಮಸಭೆ ಎಷ್ಟೋ ಕಾಲದಿಂದ ಹೇಳುತ್ತಿದೆ. ಮನೆಯಲ್ಲಿ ಮಾತ್ರ ಆ ಮಾತು ಬರುವುದಿಲ್ಲ. ಓದು ಅಂದರೆ ಸಂಬಳ, ಕರೆ ಅಂದರೆ ಕಾನ್ವೆಂಟ್, ಹೀಗೆ ಎರಡು ಡಬ್ಬ ಮಾಡಿಟ್ಟಿದ್ದೇವೆ.

ಇದನ್ನು ಒಡೆಯಲು ಒಂದು ಸುಲಭದ ಅಭ್ಯಾಸ ಇದೆ. ಯೇಸುಸಭೆ ಕಟ್ಟಿದ ಸಂತ ಇಗ್ನೇಷಿಯಸರು ತಮ್ಮವರಿಗೆ ಹೇಳಿಕೊಟ್ಟದ್ದು. ದಿನದ ಕೊನೆಗೆ ಹತ್ತು ನಿಮಿಷ ಹಿಂದಿರುಗಿ ನೋಡುವುದು. ಮಗಳಿಗೆ ಎರಡೇ ಪ್ರಶ್ನೆ ಕೊಡಿ: ಇವತ್ತು ಯಾವಾಗ ಮನಸ್ಸು ತುಂಬಿತು? ಯಾವಾಗ ಒಣಗಿತು? ಒಂದು ಹಳೆ ನೋಟ್‌ಬುಕ್ಕಿನಲ್ಲಿ ಎರಡು ಸಾಲು ಬರೆಯಲಿ. ನೀವು ಓದಬೇಡಿ. ಎಷ್ಟು ಆಸೆ ಆದರೂ ಓದಬೇಡಿ! ನಾಲ್ಕೈದು ತಿಂಗಳಾದ ಮೇಲೆ ಅವಳೇ ತಿರುವಿ ನೋಡಲಿ. ತಂಗಿಗೆ ಲೆಕ್ಕ ಹೇಳಿಕೊಟ್ಟ ದಿನಗಳಲ್ಲೆಲ್ಲ ಮನಸ್ಸು ತುಂಬಿದೆ ಅಂತ ಕಂಡರೆ ಅದೊಂದು ಸುಳಿವು. ಆಸ್ಪತ್ರೆಯ ವಾಸನೆಗೇ ಒಣಗುತ್ತಾಳೆ ಅಂದರೆ, ನರ್ಸಿಂಗ್ ಸೀಟಿಗೆ ಅಡ್ವಾನ್ಸ್ ಕೊಟ್ಟಿರುವ ಅಪ್ಪಂದಿರೇ, ಅದೂ ಒಂದು ಸುಳಿವು.

ಇಗ್ನೇಷಿಯಸರದ್ದೇ ಇನ್ನೊಂದು ಸಲಹೆ ಹದಿಹರೆಯಕ್ಕೆ ಹೇಳಿ ಮಾಡಿಸಿದಂತಿದೆ: ಮನಸ್ಸು ಕುಗ್ಗಿದ ಹೊತ್ತಿನಲ್ಲಿ ಹಿಂದಿನ ನಿರ್ಧಾರ ಬದಲಾಯಿಸಬೇಡಿ. ಪಿಯುಸಿಯಲ್ಲಿ ಫೇಲ್ ಆದ ವಾರ, ಗೆಳತಿ ಬಿಟ್ಟು ಹೋದ ವಾರ, ಹುಡುಗ ಕೈಕೊಟ್ಟ ವಾರ “ನಾನು ಕಾನ್ವೆಂಟಿಗೆ ಹೋಗ್ತೇನೆ” ಅಂದರೆ ಹೂಂ ಅನ್ನಿ, ಆರು ತಿಂಗಳು ಬಿಟ್ಟು ಮಾತಾಡೋಣ ಅನ್ನಿ. ಅತಿ ಉಬ್ಬಿದ ಹೊತ್ತಿಗೂ ಇದೇ ಔಷಧ ಅಂತ ನಾನು ಸೇರಿಸುತ್ತೇನೆ. ರಿಟ್ರೀಟ್‌ನಿಂದ ಕಣ್ಣು ಕೆಂಪಗೆ ಮಾಡಿಕೊಂಡು ಬಂದ ವಾರ ಯಾವ ಫಾರ್ಮಿಗೂ ಸಹಿ ಬೇಡ.

ಕರಾವಳಿಯ ಹುಡುಗಿಯರಿಗೆ ತೋರಿಸಲು ಕಥೆಗಳಿಗೆ ಬರವಿಲ್ಲ. ಅಪೋಸ್ತಲಿಕ್ ಕಾರ್ಮೆಲ್ ಸಿಸ್ಟರ್‌ಗಳು 1870ರಲ್ಲಿ ಹಡಗು ಹತ್ತಿ ಮಂಗಳೂರಿಗೆ ಬಂದು ಹುಡುಗಿಯರಿಗೆ ಶಾಲೆ ನಡೆಸಿದರು. 1921ರಲ್ಲಿ ಅವರೇ ಸಂತ ಆಗ್ನೆಸ್ ಕಾಲೇಜು ತೆರೆದರು. ಅದೇ ವರ್ಷ ಬೆಂದೂರಿನಲ್ಲಿ ಫಾದರ್ ರೇಮಂಡ್ ಮಸ್ಕರೇನಸ್ ಬೆಥನಿ ಸಂಸ್ಥೆ ಶುರು ಮಾಡಿದರು, ಊರಿನದೇ ಹುಡುಗಿಯರನ್ನು ಸೇರಿಸಿಕೊಂಡು. ಇವನ್ನು ಹೇಳಿ. ಜೊತೆಗೆ ನಿಮ್ಮ ವಾರ್ಡಿನಲ್ಲೇ ಇರುವ, ಮದುವೆಯಾಗದೆ ಅಣ್ಣನ ಮಕ್ಕಳನ್ನು ಓದಿಸಿದ ಅಕ್ಕನ ಬಗ್ಗೆ, ಗುರಿಕಾರ್ತಿಯಾಗಿ, ಅಂದರೆ ಚರ್ಚಿನ ವಾರ್ಡಿನ ಮುಂದಾಳಾಗಿ, ಮನೆ ಮನೆ ಸುತ್ತುವ ಬೀಡಿ ಕಟ್ಟುವ ಬಾಯಮ್ಮನ ಬಗ್ಗೆಯೂ ಹೇಳಿ. ಅಂಥವರನ್ನು ಒಂದು ಭಾನುವಾರ ಊಟಕ್ಕೆ ಕರೆದರೆ ಇನ್ನೂ ಒಳ್ಳೆಯದು. ಮದರ್ ತೆರೇಸಾ ಹದಿನೆಂಟನೇ ವಯಸ್ಸಿನಲ್ಲಿ, 1928ರಲ್ಲಿ, ಸ್ಕೋಪ್ಯೆ ಊರು ಬಿಟ್ಟು ಹೊರಟಳು. ಅದಕ್ಕೆ ಮುಂಚೆ ಎಷ್ಟೋ ವರ್ಷ, ವಿಧವೆ ತಾಯಿ ದ್ರಾನಾ ಬಡವರನ್ನು ಮನೆಗೆ ಕರೆದು ತಮ್ಮ ಜೊತೆ ಊಟಕ್ಕೆ ಕೂರಿಸುವುದನ್ನು ಅವಳು ನೋಡಿದ್ದಳು.

5. ಚರ್ಚಿನಲ್ಲಿ ಅವಳಿಗೆ ನಿಜವಾದ ಕೆಲಸ ಕೊಡಿಸಿ

ಗುಡಿಸುವುದು, ಹೂ ಜೋಡಿಸುವುದು ಅಷ್ಟೇ ಸಾಲದು. ಮೊಂತಿ ಹಬ್ಬದ (ಮರಿಯಮ್ಮನ ಹುಟ್ಟುಹಬ್ಬ) ನೊವೆನಾಕ್ಕೆ, ಅಂದರೆ ಒಂಬತ್ತು ದಿನದ ಪ್ರಾರ್ಥನೆಗೆ, ಹೂ ಹಿಡಿದುಕೊಂಡು ಸಾಲಿನಲ್ಲಿ ನಿಲ್ಲುವುದು ಏಳು ವರ್ಷಕ್ಕೆ ಚಂದ, ಹದಿನಾರಕ್ಕೆ ಅಷ್ಟೇ ಅಂದರೆ ಅವಳಿಗೆ ಬೇಜಾರಾಗುತ್ತದೆ. ಪೂಜೆಯಲ್ಲಿ ವಾಚನ ಓದಲಿ, ವೈಸಿಎಸ್‌ನ (ಚರ್ಚಿನ ವಿದ್ಯಾರ್ಥಿ ಸಂಘ) ಲೆಕ್ಕ ಬರೆಯಲಿ, ಐಸಿವೈಎಂ (ಕಥೋಲಿಕ ಯುವಜನರ ಸಂಘ) ಸೇರಿ ರಕ್ತದಾನ ಶಿಬಿರ ನಡೆಸಲಿ, ಚಿಕ್ಕ ಮಕ್ಕಳಿಗೆ ಪಾಠ ಮಾಡಲಿ. ಮೀಟಿಂಗ್ ಮುಗಿಯುವಾಗ ಕತ್ತಲಾಗುತ್ತದೆ ಅಂತ ನಿಲ್ಲಿಸಬೇಡಿ, ಕರೆದುಕೊಂಡು ಬರಲು ಹೋಗಿ.

6. “ನಾನು ಸಿಸ್ಟರ್ ಆಗ್ತೇನೆ” ಅಂದಾಗ

ಮೊದಲ ದಿನ ಅಳಬೇಡಿ, ಸಿಹಿ ಹಂಚಬೇಡಿ, ವಾಟ್ಸ್ಯಾಪ್ ಗ್ರೂಪಿನಲ್ಲಿ ಹಾಕಬೇಡಿ. ಊರಿಗೆಲ್ಲ ಗೊತ್ತಾದ ಮೇಲೆ ಮನಸ್ಸು ಬದಲಾಯಿಸುವುದು ಅವಳಿಗೆ ಹತ್ತು ಪಟ್ಟು ಕಷ್ಟ. “ಹೇಳಿದ್ದಕ್ಕೆ ಸಂತೋಷ. ಯಾಕೆ ಅನಿಸಿತು ಅಂತ ನಿಧಾನಕ್ಕೆ ಹೇಳು” ಅನ್ನಿ. ಆಮೇಲೆ ದಿನಾ ಕೇಳುತ್ತಾ ಇರಬೇಡಿ. ಹಲಸಿನಕಾಯಿ ಹಣ್ಣಾಯಿತಾ ಅಂತ ಹೊತ್ತು ಹೊತ್ತಿಗೂ ತಟ್ಟಿ ನೋಡಿದರೆ ಬೇಗ ಹಣ್ಣಾಗುತ್ತದಾ?

ಸಮಯ ಬೇಕಾದಷ್ಟಿದೆ ಅನ್ನುವುದು ಬಹಳ ಅಪ್ಪ-ಅಮ್ಮಂದಿರಿಗೆ ಗೊತ್ತೇ ಇರುವುದಿಲ್ಲ. ಧರ್ಮಸಭೆಯ ಕಾನೂನು ಹೀಗಿದೆ. ಹದಿನೇಳು ವರ್ಷ ತುಂಬದೆ ನೊವಿಶಿಯೇಟಿಗೆ (ವ್ರತ ತೆಗೆದುಕೊಳ್ಳುವ ಮುಂಚಿನ ತರಬೇತಿ) ಸೇರಿಸಿಕೊಂಡರೆ ಅದು ಸಿಂಧುವಲ್ಲ. ನೊವಿಶಿಯೇಟ್ ಕಡಿಮೆ ಅಂದರೂ ಹನ್ನೆರಡು ತಿಂಗಳು. ಮೊದಲ ವ್ರತಗಳಿಗೆ ಹದಿನೆಂಟು ತುಂಬಿರಬೇಕು, ಅವು ತಾತ್ಕಾಲಿಕ, ಮಾಮೂಲಾಗಿ ಮೂರರಿಂದ ಆರು ವರ್ಷ. ಕೊನೆಯ, ಜೀವನಪೂರ್ತಿಯ ವ್ರತಕ್ಕೆ ಇಪ್ಪತ್ತೊಂದು ತುಂಬಿರಲೇಬೇಕು. ನೊವಿಶಿಯೇಟಿಗೂ ಮುಂಚೆ ಆಸ್ಪಿರೆಂಟ್, ಕ್ಯಾಂಡಿಡೇಟ್ ಅಂತ ಒಂದೆರಡು ವರ್ಷ ಇರುತ್ತದೆ. ನೊವಿಸ್ ಆಗಿರುವಾಗ ಯಾವ ದಿನ ಬೇಕಾದರೂ ಹೊರಟು ಬರಬಹುದು, ತಾತ್ಕಾಲಿಕ ವ್ರತದ ಅವಧಿ ಮುಗಿದಾಗಲೂ ಬರಬಹುದು. ಹಾಗಾಗಿ ಶಿಬಿರಕ್ಕೆ ಹೋದಳು ಅಂದರೆ ಮಗಳು ಕೈತಪ್ಪಿ ಹೋದಳು ಅಂತ ಅಲ್ಲ. ಕಳಿಸಿ, ನೋಡಿ ಬರಲಿ.

ಆದರೆ ಕಣ್ಣುಮುಚ್ಚಿ ಕಳಿಸಬೇಡಿ. ಮದುವೆಗೆ ಗಂಡಿನ ಮನೆ ವಿಚಾರಿಸುವವರು ಕಾನ್ವೆಂಟ್ ಬಗ್ಗೆ ವಿಚಾರಿಸಲು ಯಾಕೆ ಸಂಕೋಚಪಡುತ್ತಾರೋ ನನಗೆ ಅರ್ಥವಾಗುವುದಿಲ್ಲ. ನೀವೇ ಹೋಗಿ ಕೇಳಬೇಕಾದವು ಇವು: ತರಬೇತಿ ಮನೆ ಎಲ್ಲಿದೆ, ಊರಿನಲ್ಲಾ, ಬೇರೆ ರಾಜ್ಯದಲ್ಲಾ? ಪಿಯುಸಿ, ಡಿಗ್ರಿ ಓದಿಸುತ್ತೀರಾ, ಯಾವಾಗ? ಮನೆಗೆ ಫೋನ್ ಮಾಡಲು ಎಷ್ಟು ಸಲ ಬಿಡುತ್ತೀರಿ, ರಜೆ ಯಾವಾಗ? ಹುಷಾರಿಲ್ಲದಿದ್ದರೆ ಯಾರು ನೋಡಿಕೊಳ್ಳುತ್ತಾರೆ, ನಮಗೆ ಯಾವಾಗ ತಿಳಿಸುತ್ತೀರಿ? ಹುಡುಗಿಯರ ಉಸ್ತುವಾರಿ ಯಾವ ಸಿಸ್ಟರದ್ದು, ಅವರ ಜೊತೆ ನಾವು ನೇರ ಮಾತಾಡಬಹುದಾ? ದೂರು ಇದ್ದರೆ ಯಾರಿಗೆ ಹೇಳುವುದು? ಒಳ್ಳೆಯ ಸಂಸ್ಥೆಯವರು ಇದಕ್ಕೆಲ್ಲ ಖುಷಿಯಿಂದ ಉತ್ತರ ಕೊಡುತ್ತಾರೆ. “ದೇವರ ಕೆಲಸಕ್ಕೆ ಇಷ್ಟೆಲ್ಲ ಪ್ರಶ್ನೆಯಾ” ಅಂದರೆ ಛತ್ರಿ ತೆಗೆದುಕೊಂಡು ಎದ್ದು ಬನ್ನಿ.

ಒಂದೇ ಸಂಸ್ಥೆ ನೋಡಿ ಮುಗಿಸಬೇಡಿ. ಶಾಲೆ ನಡೆಸುವವರು ಬೇರೆ, ಆಸ್ಪತ್ರೆಯವರು ಬೇರೆ, ಹಳ್ಳಿಗಳಲ್ಲಿ ಕೆಲಸ ಮಾಡುವವರು ಬೇರೆ, ಹೊರಗೇ ಬಾರದೆ ಪ್ರಾರ್ಥನೆಯಲ್ಲೇ ಇರುವ ಕಾರ್ಮೆಲ್ ಮಠದವರು ಬೇರೆ. ಮಾತಿಲ್ಲದೆ ಹತ್ತು ನಿಮಿಷ ಕೂರಲಾಗದ ಹುಡುಗಿಗೆ ಯಾವುದು ಸರಿ, ನೀವೇ ಯೋಚಿಸಿ. ನನ್ನ ಸ್ವಂತ ಅಭಿಪ್ರಾಯ ಕೇಳಿದರೆ ಎಸ್ಸೆಸ್ಸೆಲ್ಸಿ ಆದ ಕೂಡಲೇ ಬೇಡ, ಪಿಯುಸಿ ಆಗಲಿ, ಸಾಧ್ಯವಾದರೆ ಡಿಗ್ರಿಯೂ ಆಗಲಿ. ನಿಜವಾದ ಕರೆ ಅಷ್ಟು ವರ್ಷ ಕಾಯುತ್ತದೆ. ಓದಿಸಲು ದುಡ್ಡಿಲ್ಲ ಅನ್ನುವ ಕಾರಣಕ್ಕೆ ಕಳಿಸುತ್ತಿದ್ದರೆ ಅದನ್ನು ಫಾದರ್ ಹತ್ತಿರ ಬಾಯಿಬಿಟ್ಟು ಹೇಳಿ, ವಿದ್ಯಾರ್ಥಿವೇತನ ಹುಡುಕಿ. ಬಡತನಕ್ಕೆ ಕಾನ್ವೆಂಟ್ ಪರಿಹಾರ ಆಗಬಾರದು.

ಜೊತೆಗೆ ನಿಂತ ಅಪ್ಪ ಹೇಗಿರುತ್ತಾನೆ ಅನ್ನುವುದಕ್ಕೆ ಫ್ರಾನ್ಸಿನ ಮಾರ್ಟಿನ್ ಕುಟುಂಬ ನೋಡಿ. ಅಪ್ಪ ಲೂಯಿ ಗಡಿಯಾರ ರಿಪೇರಿಯವನು, ಅಮ್ಮ ಝೆಲಿ ಅಲೆಂಸಾನ್ ಊರಲ್ಲಿ ಲೇಸ್ ವ್ಯಾಪಾರ ನಡೆಸುತ್ತಿದ್ದವಳು. ಮದುವೆಗೆ ಮುಂಚೆ ಇಬ್ಬರಿಗೂ ಮಠ ಸೇರುವ ಆಸೆಯಿತ್ತು, ಇಬ್ಬರನ್ನೂ ಮಠದವರು ತೆಗೆದುಕೊಳ್ಳಲಿಲ್ಲ. ಝೆಲಿ 1877ರಲ್ಲಿ ಸ್ತನ ಕ್ಯಾನ್ಸರಿನಿಂದ ತೀರಿಕೊಂಡಾಗ ಕೊನೆಯ ಮಗಳು ತೆರೇಸಾಗೆ (ಮದರ್ ತೆರೇಸಾ ಅಲ್ಲ, ಮುಂದೆ ಸಂತಳಾದ ಇನ್ನೊಬ್ಬ ತೆರೇಸಾ) ನಾಲ್ಕು ವರ್ಷ. ಹತ್ತು ವರ್ಷದ ನಂತರ ಅದೇ ತೆರೇಸಾ ತೋಟದಲ್ಲಿ ಅಪ್ಪನ ಪಕ್ಕ ಕೂತು, ನಾನೂ ಕಾರ್ಮೆಲ್ ಸೇರಬೇಕು ಅಂದಳು. ಅಷ್ಟೊತ್ತಿಗೆ ಇಬ್ಬರು ಅಕ್ಕಂದಿರು ಹೋಗಿಯಾಗಿತ್ತು. ಅಪ್ಪ ಅತ್ತ, ಆದರೆ ಒಪ್ಪಿದ. ಅವಳು ತೀರಾ ಚಿಕ್ಕವಳು ಅಂತ ದೊಡ್ಡವರು ತಡೆದಾಗ ತಾನೇ ಬಿಷಪರ ಹತ್ತಿರ ಕರೆದುಕೊಂಡು ಹೋದ, 1887ರ ನವೆಂಬರಿನಲ್ಲಿ ರೋಮಿಗೂ ಕರೆದುಕೊಂಡು ಹೋದ. ಅಲ್ಲಿ ಅವಳು ಪೋಪ್ ಹದಿಮೂರನೇ ಲಿಯೋ ಅವರನ್ನೇ ಕೇಳಿದಳು. ಮರುವರ್ಷ, ಹದಿನೈದನೇ ವಯಸ್ಸಿಗೆ ಸೇರಿದಳು. ವಯಸ್ಸಿನ ವಿಷಯದಲ್ಲಿ ಈಗ ಅವಳ ದಾರಿ ಹಿಡಿಯಬೇಡಿ. ನಾನು ಹೇಳುವುದು ಅಪ್ಪನ ಬಗ್ಗೆ. ಮಗಳ ಮಾತನ್ನು ಮಗಳೇ ಆಡಲು ಬಿಟ್ಟ, ತಾನು ಪಕ್ಕದಲ್ಲಿ ನಿಂತ. ಲೂಯಿ ಮತ್ತು ಝೆಲಿ ಇಬ್ಬರನ್ನೂ 2015ರಲ್ಲಿ ಒಟ್ಟಿಗೆ ಸಂತರೆಂದು ಸಾರಿದರು, ಗಂಡ-ಹೆಂಡತಿಯಾಗಿ.

7. “ನಂಗೆ ನಂಬಿಕೆಯೇ ಇಲ್ಲ” ಅಂದಾಗ

ಮೂರನೇ ಹೆಜ್ಜೆ ಸರಿ ಮಾಡಿದ್ದರೆ ಈ ಮಾತು ನಿಮಗೆ ನೇರವಾಗಿ ಬರುತ್ತದೆ. ಅದೇ ಒಂದು ಲಾಭ. ಇಲ್ಲದಿದ್ದರೆ ಪೂಜೆಗೆ ಅಂತ ಹೊರಟು ಬೇಕರಿಯಲ್ಲಿ ಕೂತು ಬರುತ್ತಾಳೆ.

ಜಗಳ ಬೇಡ. ಮನೆಯ ನಿಯಮ ಯಾವುದು, ನಂಬಿಕೆ ಯಾವುದು ಅಂತ ಬೇರೆ ಮಾಡಿ. ಸಂಜೆ ಎಲ್ಲರೂ ಕೂರುವಾಗ ಅವಳೂ ಕೂರುವುದು ಮನೆಯ ನಿಯಮ, ಬಾಯಿ ಬಿಡುವುದು ಬಿಡದಿರುವುದು ಅವಳಿಗೆ ಬಿಟ್ಟದ್ದು. ದೃಢೀಕರಣಕ್ಕೆ (ಜ್ಞಾನಸ್ನಾನದ ನಂಬಿಕೆಯನ್ನು ಗಟ್ಟಿ ಮಾಡುವ ಸಂಸ್ಕಾರ) ಹೆಸರು ಕೊಡುವ ವರ್ಷ ಅವಳು ಬೇಡ ಅಂದರೆ ಒಂದು ವರ್ಷ ಮುಂದೆ ಹಾಕಿ. ಫೋಟೋಗ್ರಾಫರಿಗೆ ಹೇಳಿಯಾಗಿದೆ, ಬಿಳಿ ಫ್ರಾಕ್ ಹೊಲಿಸಿಯಾಗಿದೆ ಅನ್ನುವುದು ಸಂಸ್ಕಾರ ಪಡೆಯಲು ಕಾರಣವಲ್ಲ. “ನೀನು ಹೀಗಾದ್ದಕ್ಕೆ ಅಜ್ಜಿಗೆ ಬಿಪಿ ಜಾಸ್ತಿ ಆಯ್ತು” ಅನ್ನುವ ಮಾತನ್ನಂತೂ ಆಡಲೇಬೇಡಿ. ತಿಂಗಳುಗಟ್ಟಲೆ ಯಾವುದರಲ್ಲೂ ಮನಸ್ಸಿಲ್ಲ, ಊಟ ನಿದ್ದೆ ಕೆಟ್ಟಿದೆ ಅಂದರೆ ಅದು ನಂಬಿಕೆಯ ವಿಷಯ ಆಗಿರಲಿಕ್ಕಿಲ್ಲ. ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ, ಪ್ರಾರ್ಥನೆಕೂಟಕ್ಕಲ್ಲ.

8. ಕಾನ್ವೆಂಟಿನಿಂದ ವಾಪಸ್ ಬಂದರೆ

ಈ ವಿಷಯ ಯಾರೂ ಬರೆಯುವುದಿಲ್ಲ. ಆರು ತಿಂಗಳಿಗೋ ಮೂರು ವರ್ಷಕ್ಕೋ ಮಗಳು ಟ್ರಂಕ್ ಹಿಡಿದು ವಾಪಸ್ ಬಂದಾಗ ಊರು ಬಾಯಿಗೆ ಬಂದದ್ದು ಹೇಳುತ್ತದೆ. “ಓಡಿಸಿದರಂತೆ.” “ಏನೋ ಆಗಿರಬೇಕು.” ಆ ಮಾತು ಮಗಳ ಕಿವಿಗೆ ಬೀಳುವ ಮೊದಲು ನಿಮ್ಮ ಮಾತು ಬೀಳಬೇಕು. ಫ್ರಾನ್ಸಿನ ಆ ತೆರೇಸಾ ಮಾರ್ಟಿನ್‌ಳ ಅಕ್ಕ ಲಿಯೋನಿ ಮಠಕ್ಕೆ ಸೇರಿ ಮೂರು ಸಲ ವಾಪಸ್ ಬಂದವಳು. ನಾಲ್ಕನೇ ಸಲ, 1899ರಲ್ಲಿ, ಕಾನ್ ಊರಿನ ವಿಸಿಟೇಶನ್ ಮಠದಲ್ಲಿ ನೆಲೆ ನಿಂತಳು, 1941ರಲ್ಲಿ ಅಲ್ಲೇ ತೀರಿಕೊಂಡಳು. ಆದರೆ ನಿಮ್ಮ ಮಗಳಿಗೆ ಈ ಕಥೆಯನ್ನು ‘ಮತ್ತೆ ಪ್ರಯತ್ನ ಮಾಡು’ ಅಂತ ಹೇಳಬೇಡಿ. ಬಾಗಿಲು ತೆರೆದಿತ್ತು, ಅಷ್ಟಕ್ಕೇ ಹೇಳಿ.

ಬಂದ ದಿನ ಕಾರಣ ಕೇಳಬೇಡಿ. ಊಟ ಬಡಿಸಿ, ಮಲಗಲು ಬಿಡಿ. ಯಾರಾದರೂ ಕೆಟ್ಟದಾಗಿ ನಡೆದುಕೊಂಡರಾ ಅನ್ನುವುದೊಂದನ್ನು ಮಾತ್ರ ಒಂದೆರಡು ದಿನದೊಳಗೆ, ಒಬ್ಬಳೇ ಇರುವಾಗ, ನೇರವಾಗಿ ಕೇಳಿ. ಅಕ್ಕಪಕ್ಕದವರು ಕೇಳಿದರೆ “ನೋಡಲು ಹೋಗಿದ್ದಳು, ನೋಡಿ ಬಂದಳು” ಅಂದರೆ ಸಾಕು, ಮನೆಯವರೆಲ್ಲ ಇದೇ ಮಾತು ಹೇಳಿ. ಅಜ್ಜಿಗೂ ಮೊದಲೇ ಹೇಳಿಕೊಟ್ಟಿರಿ, ಅವರೇ ಹೆಚ್ಚು ಜನರಿಗೆ ಸಿಗುವವರು. ಮಾರ್ಕ್ಸ್‌ಕಾರ್ಡ್, ಟಿಸಿ, ಜ್ಞಾನಸ್ನಾನದ ಸರ್ಟಿಫಿಕೇಟ್, ಆಧಾರ್ ಇವುಗಳ ಮೂಲಪ್ರತಿ ಕಾನ್ವೆಂಟಿನಲ್ಲೇ ಉಳಿದಿದ್ದರೆ ಅಪ್ಪ ಹೋಗಿ ತರಲಿ, ಅವಳನ್ನು ಕಳಿಸಬೇಡಿ. ಅಡ್ಮಿಷನ್ ಸಾಮಾನ್ಯವಾಗಿ ಮೇ-ಜೂನಿನಲ್ಲಿ. ಡಿಸೆಂಬರಿನಲ್ಲಿ ಬಂದಿದ್ದರೆ ಅಲ್ಲಿಯವರೆಗೆ ಕಂಪ್ಯೂಟರ್ ಕ್ಲಾಸಿಗೋ, ಹೊಲಿಗೆಗೋ, ಡ್ರೈವಿಂಗ್ ಕಲಿಯಲೋ ಸೇರಿಸಿ. ದಿನಾ ಬೆಳಿಗ್ಗೆ ಮನೆಯಿಂದ ಹೊರಡಲು ಅವಳಿಗೊಂದು ಕೆಲಸ ಇರಲಿ.